ಹಿಟ್ಲರ್ ವೋಟಿನಿಂದ ಬಂದನಾ, ಇಲ್ಲಾ ಯಾರಾದರೂ ಬಾಗಿಲು ತೆಗೆದು ಕರೆದರಾ?

ಟ್ಯೂಷನ್ ಟೀಚರ್, ಶಿವಮೊಗ್ಗ

ಎಲ್ಲರಿಗೂ ನಮಸ್ಕಾರ. ಗೋಪಾಳದಲ್ಲಿ ಮನೆಯಲ್ಲೇ ಹೈಸ್ಕೂಲು, ಪಿಯುಸಿ ಮಕ್ಕಳಿಗೆ ಇತಿಹಾಸ ಹೇಳಿಕೊಡುತ್ತೇನೆ. ಈ ವಾರ ಎರಡು ಮಹಾಯುದ್ಧಗಳ ನಡುವಿನ ಯುರೋಪ್ ಪಾಠ. ನೋಟ್ಸ್‌ನಲ್ಲಿ ಏನಿರುತ್ತದೆ ಅಂತ ಎಲ್ಲರಿಗೂ ಗೊತ್ತು. ಸೋತ ಜರ್ಮನಿಯ ಮೇಲೆ ಹೇರಿದ ವರ್ಸೇಲ್ಸ್ ಒಪ್ಪಂದ, ಹಣದುಬ್ಬರ, 1929ರ ಷೇರುಪೇಟೆ ಕುಸಿತ, ನಿರುದ್ಯೋಗ, ಆಮೇಲೆ ಹಿಟ್ಲರ್. ಐದು ಮಾರ್ಕಿಗೆ ಸಾಕು.

ಒಬ್ಬಳು ಹುಡುಗಿ ಕೈ ಎತ್ತಿದಳು. "ಮಿಸ್, ಕಷ್ಟ ಎಲ್ಲಾ ದೇಶಕ್ಕೂ ಬಂದಿತ್ತಲ್ವಾ? ಹಾಗಾದ್ರೆ ಎಲ್ಲಾ ಕಡೆ ಯಾಕೆ ಸರ್ವಾಧಿಕಾರಿ ಬರಲಿಲ್ಲ?" ಅವಳ ಪಕ್ಕದವನು ಇನ್ನೊಂದು ಕೇಳಿದ. "ಜನ ವೋಟ್ ಹಾಕಿ ಗೆಲ್ಲಿಸಿದ್ದಾ, ಇಲ್ಲಾ ಅವನೇ ಕಿತ್ತುಕೊಂಡಿದ್ದಾ?" ನಾನು "ಎರಡೂ" ಅಂದೆ. ಅವರಿಗೂ ಸಮಾಧಾನ ಆಗಲಿಲ್ಲ, ನನಗೂ ಆಗಲಿಲ್ಲ.

ಗೈಡ್ ಭಾಷೆ ಬೇಡ. ಮಕ್ಕಳ ತಲೆಯಲ್ಲಿ ಉಳಿಯುವ ಹಾಗೆ ಏನಾದರೂ ಹೇಳಿ. ಇವರಲ್ಲಿ ಅರ್ಧ ಜನ ತೋಟದ ಮನೆಯವರು. ಅಡಿಕೆ ರೇಟ್ ಬಿದ್ದರೆ ಮನೆಯಲ್ಲಿ ಏನಾಗುತ್ತದೆ ಅಂತ ನನಗಿಂತ ಚೆನ್ನಾಗಿ ಗೊತ್ತು.

ಗಾಜನೂರು ಹುಡುಗ

ಮೇಡಂ, ಹಣದುಬ್ಬರದ ಕಥೆ ಹೇಳಿ, ಮಕ್ಕಳು ಮರೆಯುವುದಿಲ್ಲ. 1923ರ ನವೆಂಬರ್‌ನಲ್ಲಿ ಒಂದು ಅಮೆರಿಕನ್ ಡಾಲರಿಗೆ 4.2 ಲಕ್ಷ ಕೋಟಿ ಮಾರ್ಕ್, ಮಾರ್ಕ್ ಅಂದರೆ ಜರ್ಮನಿಯ ನಾಣ್ಯ. ಸಂಬಳ ಸಿಕ್ಕಿದ ಕೂಡಲೇ ಅಂಗಡಿಗೆ ಓಡಬೇಕು, ಸಂಜೆಗೆ ರೇಟ್ ಬೇರೆ. ಜನ ಜೀವಮಾನವಿಡೀ ಕೂಡಿಟ್ಟ ದುಡ್ಡು ರದ್ದಿ ಆಯಿತು. ಸಿಟ್ಟಿನಿಂದ ಹಿಟ್ಲರ್‌ಗೆ ಹೋದರು. ಸಿಂಪಲ್.

ಹಳೇ ಸೆಕ್ರೆಟರಿ, ಸಾಗರ ಕಡೆ

ತಮ್ಮಾ, ಅಷ್ಟು ಸಿಂಪಲ್ ಆಗಿದ್ದರೆ ಅವನು 1923ರಲ್ಲೇ ಬರಬೇಕಿತ್ತಲ್ಲ ಮಾರಾಯ. ಬರಲು ನೋಡಿದ ಕೂಡ. ಅದೇ ನವೆಂಬರ್‌ನಲ್ಲಿ ಮ್ಯೂನಿಕ್‌ನ ಒಂದು ಬಿಯರ್ ಹಾಲ್‌ಗೆ ನುಗ್ಗಿ, ಪಿಸ್ತೂಲು ಹಾರಿಸಿ, ದಂಗೆ ಎದ್ದ. ಮರುದಿನ ಪೊಲೀಸರು ಗುಂಡು ಹೊಡೆದರು, ಕಥೆ ಮುಗಿಯಿತು. ಕೋರ್ಟು ಐದು ವರ್ಷ ಶಿಕ್ಷೆ ಕೊಟ್ಟಿತು, ವರ್ಷ ತುಂಬುವ ಮೊದಲೇ ಬಿಟ್ಟೂ ಬಿಟ್ಟರು. ಆಮೇಲೆ 1928ರ ಚುನಾವಣೆಯಲ್ಲಿ ಅವನ ಪಕ್ಷಕ್ಕೆ ಬಂದದ್ದು 2.6 ಪರ್ಸೆಂಟ್, 12 ಸೀಟು. ರದ್ದಿ ನೋಟು ಎಣಿಸಿದ ಅದೇ ಜನ ಅಷ್ಟು ವರ್ಷ ಅವನನ್ನು ಮೂಸಿಯೂ ನೋಡಲಿಲ್ಲ.

ನಾನು ಇತಿಹಾಸದ ಮೇಷ್ಟ್ರಲ್ಲ. ಒಂದು ಸಹಕಾರ ಸಂಘದಲ್ಲಿ ಸೆಕ್ರೆಟರಿ ಆಗಿದ್ದು ರಿಟೈರ್ ಆದವನು. ಬೆಳೆ ಸಾಲ, ಅಡಮಾನ, ಸುಸ್ತಿ, ಜಪ್ತಿ ಇವುಗಳ ನಡುವೆಯೇ ತಲೆ ಬೆಳ್ಳಗಾಯಿತು. ಹಾಗಾಗಿ ಈ ಕಥೆ ಓದಲು ಕೂತರೆ ನನ್ನ ಕಣ್ಣು ಬರ್ಲಿನ್ನಿಗೆ ಹೋಗುವುದಿಲ್ಲ. ಷ್ಲೆಸ್ವಿಗ್-ಹೋಲ್ಸ್ಟೈನ್ ಅಂತ ಒಂದು ಪ್ರಾಂತ್ಯ ಇದೆ, ಅಲ್ಲಿ ನಿಲ್ಲುತ್ತದೆ. ನಿಮ್ಮ ತೋಟದ ಮನೆ ಮಕ್ಕಳಿಗೂ ಅದನ್ನೇ ಹೇಳಿ.

ಜರ್ಮನಿಯ ಉತ್ತರದ ತುದಿ ಅದು, ಆಚೆ ಡೆನ್ಮಾರ್ಕ್. ದನ, ಹಂದಿ ಸಾಕುವವರು ಜಾಸ್ತಿ. ಸ್ವಂತ ಜಮೀನು, ಸ್ವಂತ ಮನೆ, ಚರ್ಚು, ಮರ್ಯಾದೆ. ದುಬ್ಬರದ ಕಾಲದಲ್ಲಿ ಇವರ ಹಳೇ ಸಾಲ ನೀರಾಗಿ ಹೋಗಿತ್ತು, ಅದು ನಿಜ. ಆದರೆ ಕೈಯಲ್ಲಿ ರೊಕ್ಕವೂ ಉಳಿದಿರಲಿಲ್ಲ. 1924ರಲ್ಲಿ ಹೊಸ ಮಾರ್ಕ್ ನೆಲೆ ನಿಂತ ಮೇಲೆ ಜಾನುವಾರಿಗೆ, ಗೊಬ್ಬರಕ್ಕೆ ಅಂತ ಹೊಸ ಸಾಲ ಎತ್ತಿದರು. ಬಡ್ಡಿ ಸಿಕ್ಕಾಪಟ್ಟೆ. ಎರಡು ಮೂರು ವರ್ಷದಲ್ಲಿ ಹಂದಿ ರೇಟ್ ಬಿತ್ತು, ದನದ ರೇಟ್ ಬಿತ್ತು. ನ್ಯೂಯಾರ್ಕಿನ ಷೇರುಪೇಟೆ ಆಗ ಇನ್ನೂ ಮೇಲೇರುತ್ತಿತ್ತು! 1929ರಿಂದ ಕಥೆ ಶುರು ಮಾಡುವವರು ಇದನ್ನು ನೋಡುವುದೇ ಇಲ್ಲ.

1928ರ ಜನವರಿಯಲ್ಲಿ ಆ ಪ್ರಾಂತ್ಯದ ಊರೂರಲ್ಲಿ ರೈತರು ಬೀದಿಗೆ ಬಂದರು. ಒಂದೇ ದಿನ, ಲಕ್ಷಕ್ಕೂ ಮೇಲೆ ಜನ. ಅದೇ ವರ್ಷ ನವೆಂಬರ್‌ನಲ್ಲಿ ಬೈಡೆನ್‌ಫ್ಲೆತ್ ಅನ್ನುವ ಹಳ್ಳಿಗೆ ತೆರಿಗೆ ಬಾಕಿಗಾಗಿ ಇಬ್ಬರು ರೈತರ ಎತ್ತು ಹಿಡಿದುಕೊಂಡು ಹೋಗಲು ಸರ್ಕಾರದವರು ಬಂದರು. ಊರವರು ರಸ್ತೆಗೆ ಅಡ್ಡ ಹುಲ್ಲು ಹಾಕಿ ಬೆಂಕಿ ಕೊಟ್ಟರು. ಎತ್ತು ಬೆದರಿ ತಿರುಗಿ ಕೊಟ್ಟಿಗೆಗೇ ಓಡಿದವು. ಅವರ ಬಾವುಟ ಕಪ್ಪು ಬಟ್ಟೆ, ಅದರ ಮೇಲೆ ಬಿಳಿ ನೇಗಿಲು, ಕೆಂಪು ಕತ್ತಿ. ಇವರು ಆಗಿನ್ನೂ ನಾಜಿಗಳಲ್ಲ, ನೆನಪಿರಲಿ. ಯಾವ ಪಕ್ಷವೂ ಬೇಡ ಅಂದವರು.

ನಾನೂ ಜಪ್ತಿಗೆ ಹೋದವನೇ. ನಮ್ಮ ಕಡೆ ಒಂಟಿ ಮನೆಗಳು. ಜೀಪು ಗದ್ದೆಯಾಚೆ ಇರುವಾಗಲೇ ನಾಯಿ ಕೂಗುತ್ತದೆ, ಮನೆಯವರಿಗೆ ತಿಳಿಯುತ್ತದೆ. ಆದರೂ ಜಗಲಿಯಲ್ಲಿ ಕೂರಿಸಿ ಬೆಲ್ಲ-ನೀರು ಕೊಡುತ್ತಾರೆ. "ಎಂತ ಬಂದದ್ದು?" ಅಂತ ಕೇಳುತ್ತಾರೆ, ಗೊತ್ತಿದ್ದೂ ಕೇಳುತ್ತಾರೆ. ನೋಟಿಸ್ ಓದುವಾಗ ಯಜಮಾನ ನೆಲ ನೋಡುತ್ತಾ ಕೂತಿರುತ್ತಾನೆ. ಅವನಿಗೆ ನಾಚಿಕೆ. ಒಳಬಾಗಿಲಿಗೆ ಒರಗಿ ಒಬ್ಬ ಮಗ ನಿಂತಿರುತ್ತಾನೆ ನೋಡಿ, ಇಪ್ಪತ್ತು ಇಪ್ಪತ್ತೆರಡರ ಹುಡುಗ, ಅವನ ಮುಖ ನೋಡುವುದು ಕಷ್ಟ. ಅಪ್ಪ ತಲೆ ತಗ್ಗಿಸಿದ್ದನ್ನು ಅವನು ಮರೆಯುವುದಿಲ್ಲ. ಅವನ ಸಿಟ್ಟು ಬಡ್ಡಿ ಲೆಕ್ಕದ ಮೇಲೆ ಇರುವುದಿಲ್ಲ, ಯಾರ ಮೇಲಾದರೂ ಆದೀತು. ನನ್ನ ಮೇಲೆ, ಸಂಘದ ಮೇಲೆ, ರೇಟ್ ಇಳಿಸಿದ ವ್ಯಾಪಾರಿ ಮೇಲೆ, ಊರಿಗೆ ಹೊಸದಾಗಿ ಬಂದವನ ಮೇಲೆ. ಬೊಟ್ಟು ಮಾಡಿ ತೋರಿಸುವವನು ಒಬ್ಬ ಬೇಕು, ಅಷ್ಟೇ.

ನಾಜಿಗಳು ಆ ಕೆಲಸ ಕೂತು ಮಾಡಿದರು. 1930ರಿಂದ ಡಾರೆ ಅನ್ನುವವನ ಕೈಯಲ್ಲಿ ರೈತರಿಗೇ ಅಂತ ಒಂದು ವಿಭಾಗ ಕಟ್ಟಿದರು. ಮೊದಲೇ ಇದ್ದ ರೈತ ಸಂಘಗಳ ಒಳಗೆ ತಮ್ಮವರನ್ನು ತೂರಿಸಿದರು. ಬಡ್ಡಿ ಯಹೂದಿಗಳದ್ದು, ತೆರಿಗೆ ಬರ್ಲಿನ್ನಿನದ್ದು, ಸೋಲು ವರ್ಸೇಲ್ಸಿನದ್ದು ಅಂತ ಪ್ರತಿ ಕಷ್ಟಕ್ಕೂ ಒಂದು ಮುಖ ಅಂಟಿಸಿ ಕೊಟ್ಟರು. ಷ್ಲೆಸ್ವಿಗ್-ಹೋಲ್ಸ್ಟೈನ್‌ನಲ್ಲಿ ಅವರ ವೋಟು 1928ರಲ್ಲಿ 4 ಪರ್ಸೆಂಟ್. 1930ರಲ್ಲಿ 27. 1932ರ ಜುಲೈಯಲ್ಲಿ 51. ಇಡೀ ದೇಶದಲ್ಲಿ ಅರ್ಧ ದಾಟಿದ ಪ್ರಾಂತ್ಯ ಇದು.

ಇನ್ನು ನಿಮ್ಮ ಹುಡುಗನ ಪ್ರಶ್ನೆ, ವೋಟಾ ಕಿತ್ತುಕೊಂಡಿದ್ದಾ ಅಂತ.

ದೇಶದ ಲೆಕ್ಕ ಬೇರೆ ಇತ್ತು. 1932ರ ಜುಲೈಯಲ್ಲಿ ಹಿಟ್ಲರ್‌ಗೆ 37.3 ಪರ್ಸೆಂಟ್, 230 ಸೀಟು. ದೊಡ್ಡ ಪಕ್ಷ ಹೌದು, ಬಹುಮತ ಇಲ್ಲ. ನವೆಂಬರ್‌ನಲ್ಲಿ ಮತ್ತೆ ಚುನಾವಣೆ ಆಯಿತು, 33.1ಕ್ಕೆ ಇಳಿದ, 34 ಸೀಟು ಹೋಯಿತು. ಪಕ್ಷದ ಗಲ್ಲಾಪೆಟ್ಟಿಗೆಯೂ ಖಾಲಿ. ಅಂದರೆ ಅಧಿಕಾರ ಸಿಕ್ಕಿದಾಗ ಅವನು ಏರುತ್ತಿರಲಿಲ್ಲ, ಇಳಿಯುತ್ತಿದ್ದ. ಇಳಿಯುವವನ ಕೈ ಹಿಡಿದು ಮೇಲೆ ಕೂರಿಸಿದವರು ಬೇರೆ.

ಅಧ್ಯಕ್ಷ ಹಿಂಡೆನ್‌ಬರ್ಗ್, 85 ವರ್ಷದ ಮುದುಕ, ಹಳೇ ಸೇನಾಪತಿ. 1930ರಿಂದಲೇ ಪಾರ್ಲಿಮೆಂಟ್ ನಡೆಯುತ್ತಿರಲಿಲ್ಲ ಅನ್ನಬೇಕು, ಅವನ ಸಹಿಯ ಸುಗ್ರೀವಾಜ್ಞೆಯಲ್ಲೇ ಆಡಳಿತ. ಅವನ ಸುತ್ತ ಪೂರ್ವ ಭಾಗದ ದೊಡ್ಡ ಜಮೀನ್ದಾರರು. ಇಲ್ಲೊಂದು ವಿಷಯ ನನ್ನಂಥವನಿಗೆ ಚೆನ್ನಾಗಿ ರುಚಿಸುತ್ತದೆ. ಆ ಜಮೀನ್ದಾರರ ಸಾಲದ ಭಾರ ಇಳಿಸಲು ಸರ್ಕಾರ ಒಂದು ಪರಿಹಾರ ಯೋಜನೆ ಮಾಡಿತ್ತು. ದುಡ್ಡು ದೊಡ್ಡವರ ಪಾಲಾಯಿತು, ಕುದುರೆಗೆ, ಕಾರಿಗೆ, ಮೋಜಿಗೆ ಹೋಯಿತು ಅಂತ 1933ರ ಜನವರಿಯಲ್ಲಿ ಪಾರ್ಲಿಮೆಂಟಿನ ಸಮಿತಿಯಲ್ಲಿ ಗಲಾಟೆ ಎದ್ದಿತು. ಯಾವ ದೇಶದಲ್ಲಿ ಆದರೇನು, ಸಾಲ ಮನ್ನಾ ಫೈಲು ಒಂದೇ ಥರ ಇರುತ್ತದೆ ಮಾರಾಯ್ರೇ. ಅದೇ ತಿಂಗಳು ಈ ದೊಡ್ಡವರ ಸಂಘ ಆಗಿನ ಚಾನ್ಸೆಲರ್ (ಅಂದರೆ ಪ್ರಧಾನಿ) ಷ್ಲೈಖರ್ ವಿರುದ್ಧ ಹಿಂಡೆನ್‌ಬರ್ಗ್ ಹತ್ತಿರ ದೂರು ಹೇಳಿತು. ಮಾಜಿ ಚಾನ್ಸೆಲರ್ ಪಾಪೆನ್ ಹಿಂದಿನಿಂದ ಮಾತುಕತೆ ನಡೆಸಿದ. ಹಿಟ್ಲರ್‌ನನ್ನು ಮುಂದೆ ಕೂರಿಸೋಣ, ಹಗ್ಗ ನಮ್ಮ ಕೈಯಲ್ಲಿರುತ್ತದೆ ಅನ್ನುವುದು ಅವನ ಲೆಕ್ಕ. 1933ರ ಜನವರಿ 30ರಂದು ಚಾನ್ಸೆಲರ್ ಆಗಿ ಹಿಟ್ಲರ್ ಪ್ರಮಾಣವಚನ. ಮಂತ್ರಿಮಂಡಲದಲ್ಲಿ ಹಿಟ್ಲರ್ ಸೇರಿ ನಾಜಿಗಳು ಮೂವರೇ. ಮೂರೇ ಜನ ಅಲ್ವಾ, ಏನು ಮಾಡಿಯಾರು ಅಂದುಕೊಂಡರು.

ಏನು ಮಾಡಿದರು ಅಂದರೆ, ಒಳಾಡಳಿತ ಮತ್ತು ಪೊಲೀಸ್ ಇಟ್ಟುಕೊಂಡರು. ಫೆಬ್ರವರಿ 27ಕ್ಕೆ ಪಾರ್ಲಿಮೆಂಟ್ ಕಟ್ಟಡಕ್ಕೆ ಬೆಂಕಿ ಬಿತ್ತು. ಮರುದಿನವೇ ಮಾತಿನ, ಪತ್ರಿಕೆಯ, ಸಭೆಯ ಹಕ್ಕುಗಳನ್ನೆಲ್ಲ ಅಮಾನತು ಮಾಡಿದ ಆಜ್ಞೆ ಹೊರಬಿತ್ತು. ಮಾರ್ಚ್ 5ಕ್ಕೆ ಚುನಾವಣೆ, ಎದುರಾಳಿಗಳು ಜೈಲಿನಲ್ಲಿ, ಬೀದಿಯಲ್ಲಿ ನಾಜಿ ಪಕ್ಷದ ದಂಡು, ಕಂದು ಅಂಗಿಯವರು. ಅಷ್ಟಾದರೂ 43.9 ಪರ್ಸೆಂಟ್ ಮಾತ್ರ. ಮಾರ್ಚ್ 22ಕ್ಕೆ ಡಾಖಾವ್ ಅನ್ನುವಲ್ಲಿ ವಿರೋಧಿಗಳನ್ನು ಕೂಡಿಹಾಕುವ ಶಿಬಿರ ತೆರೆದರು. 23ಕ್ಕೆ ಪಾರ್ಲಿಮೆಂಟನ್ನು ಕೇಳದೆ ಕಾನೂನು ಮಾಡುವ ಅಧಿಕಾರ ಕೊಡುವ ಮಸೂದೆ ಬಂತು. ಸಭೆ ನಡೆದದ್ದು ಒಂದು ಒಪೆರಾ ಹೌಸ್‌ನಲ್ಲಿ, ಒಳಗೇ ಕಂದು ಅಂಗಿಯವರ ಸಾಲು. ಕಮ್ಯುನಿಸ್ಟ್ ಸದಸ್ಯರು ಒಬ್ಬರೂ ಇಲ್ಲ. ಕೆಲವರು ಜೈಲಿನಲ್ಲಿ, ಉಳಿದವರು ತಲೆಮರೆಸಿಕೊಂಡಿದ್ದರು. ಕಾರ್ಮಿಕರ ಪಕ್ಷವಾದ ಸೋಷಿಯಲ್ ಡೆಮಾಕ್ರಟರ ಪರವಾಗಿ ಓಟೋ ವೆಲ್ಸ್ ಎದ್ದು ನಿಂತು ಇದಕ್ಕೆ ನಮ್ಮ ಒಪ್ಪಿಗೆ ಇಲ್ಲ ಅಂದ. ಪರ 444, ವಿರೋಧ 94. ಆ 94 ಅಷ್ಟೂ ವೆಲ್ಸ್ ಪಕ್ಷದ್ದೇ. ಉಳಿದ ಎಲ್ಲಾ ಪಕ್ಷದವರೂ ಕೈ ಎತ್ತಿದರು.

ಪ್ರಮಾಣವಚನದಿಂದ ಅಲ್ಲಿಗೆ ಎರಡು ತಿಂಗಳೂ ಆಗಿರಲಿಲ್ಲ. ಹಾಗಾಗಿ ಹುಡುಗನಿಗೆ ಹೀಗೆ ಹೇಳಿ. ವೋಟು ಅವನನ್ನು ಮೆಟ್ಟಿಲ ತನಕ ತಂದಿತು. ಚಿಲಕ ತೆಗೆದವರು ಒಳಗಿದ್ದವರು. ಒಳಗೆ ಬಂದ ಮೇಲೆ ಅವನು ಚಿಲಕವನ್ನೇ ಕಿತ್ತುಹಾಕಿದ.

ಟ್ಯೂಷನ್ ಟೀಚರ್, ಶಿವಮೊಗ್ಗ

ಸರ್, ತುಂಬಾ ಥ್ಯಾಂಕ್ಸ್. ಆದರೆ ಹುಡುಗಿಯ ಪ್ರಶ್ನೆ ಉಳಿಯಿತು. ಬೇರೆ ಕಡೆ ಯಾಕೆ ಆಗಲಿಲ್ಲ? ಮತ್ತೆ ಆ ಎತ್ತಿನ ರೈತರಿಗೆ ಆಮೇಲೆ ಒಳ್ಳೇದಾಯಿತಾ?

ಹಳೇ ಸೆಕ್ರೆಟರಿ, ಸಾಗರ ಕಡೆ

ಬೋರ್ಡಿನ ಮೇಲೆ ಆ ಗಡಿ ಬರೆಯಿರಿ ಮೇಡಂ. ಷ್ಲೆಸ್ವಿಗ್‌ನ ಉತ್ತರ ಭಾಗ 1920ರ ತನಕ ಜರ್ಮನಿಯದ್ದೇ. ಜನಮತ ತೆಗೆದುಕೊಂಡರು, ಅದು ಡೆನ್ಮಾರ್ಕಿಗೆ ಹೋಯಿತು. ಅಂದರೆ ಗೆರೆಯ ಆಚೆ ಈಚೆ ಅದೇ ಮಣ್ಣು, ಅದೇ ಹಂದಿ, ಅದೇ ಸಾಲ. ಡೆನ್ಮಾರ್ಕಿನಲ್ಲೂ ರೈತರ ಮನೆ ಹರಾಜಿಗೆ ಬರುತ್ತಿದ್ದವು. ಅಲ್ಲೂ ಸಿಟ್ಟಿನ ಸಂಘಟನೆ ಹುಟ್ಟಿತ್ತು.

1933ರ ಜನವರಿ 29ರ ರಾತ್ರಿ ಕೋಪನ್‌ಹೇಗನ್‌ನಲ್ಲಿ ಪ್ರಧಾನಿ ಸ್ಟೌನಿಂಗ್ ಮನೆಯಲ್ಲಿ ಒಂದು ಮೀಟಿಂಗ್. ಸ್ಟೌನಿಂಗ್ ಮೊದಲು ಸಿಗಾರ್ ಕಾರ್ಖಾನೆಯ ಕೆಲಸಗಾರ, ಆಮೇಲೆ ಕಾರ್ಮಿಕರ ಪಕ್ಷದ ನಾಯಕ. ಎದುರಿಗೆ ಕೂತವರು ರೈತರ ಪಕ್ಷದವರು, ಅವನ ಮಾತು ಕೇಳಿದರೆ ಉರಿದು ಬೀಳುವವರು. ವಿಸ್ಕಿ ಬಾಟಲಿಯೂ ಇತ್ತು ಅನ್ನಿ. ಬೆಳಗಿನ ಜಾವದ ತನಕ ಎಳೆದಾಡಿ ಒಂದು ಕೊಡು-ತಗೊ ಮಾಡಿಕೊಂಡರು. ರೈತರಿಗೆ ನಾಣ್ಯದ ಬೆಲೆ ಇಳಿಸಿ ಕೊಟ್ಟರು, ಇಂಗ್ಲೆಂಡಿಗೆ ಹೋಗುವ ಹಂದಿ ಮಾಂಸಕ್ಕೆ, ಬೆಣ್ಣೆಗೆ ಅದರಿಂದ ಅನುಕೂಲ. ಸಾಲ, ತೆರಿಗೆಯಲ್ಲೂ ಒಂದಿಷ್ಟು ಸಡಿಲ. ಕಾರ್ಮಿಕರಿಗೆ ಕೂಲಿ ಕಡಿತ ಇಲ್ಲ, ನಿರುದ್ಯೋಗಿಗಳಿಗೆ ಕೆಲಸ, ವಿಮೆ, ಪಿಂಚಣಿಯ ಸುಧಾರಣೆ. ಯಾರಿಗೂ ಪೂರ್ತಿ ಖುಷಿ ಇಲ್ಲ. ಇವರು ಒಪ್ಪಂದಕ್ಕೆ ಬಂದು ಎದ್ದದ್ದು ಜನವರಿ 30. ಅದೇ ದಿನ ಬರ್ಲಿನ್ನಿನಲ್ಲಿ ಹಿಂಡೆನ್‌ಬರ್ಗ್ ಮುಂದೆ ಹಿಟ್ಲರ್ ಪ್ರಮಾಣ ಮಾಡುತ್ತಿದ್ದ. ಕಥೆ ಕಟ್ಟುವವನೂ ಇಷ್ಟು ಚೆನ್ನಾಗಿ ತಾರೀಕು ಹೊಂದಿಸಲಾರ.

ಎರಡು ವರ್ಷದ ನಂತರದ ಚುನಾವಣೆಯಲ್ಲಿ ಡೆನ್ಮಾರ್ಕಿನ ನಾಜಿ ಪಕ್ಷಕ್ಕೆ ಸಿಕ್ಕಿದ್ದು ಸುಮಾರು ಒಂದು ಪರ್ಸೆಂಟ್, ಸೀಟು ಸೊನ್ನೆ. ಸ್ವೀಡನ್ನಿನಲ್ಲೂ 1933ರಲ್ಲೇ ಕಾರ್ಮಿಕರ ಪಕ್ಷ ಮತ್ತು ರೈತರ ಪಕ್ಷ ಇಂಥದ್ದೇ ಒಂದು ವ್ಯವಹಾರ ಮಾಡಿಕೊಂಡವು. ದನದ ವ್ಯಾಪಾರ ಅಂತ ಜನ ಆಡಿಕೊಂಡು ನಕ್ಕರು. ನಗಲಿ, ಕೆಲಸ ಆಯಿತಲ್ಲ. ಜರ್ಮನಿಯಲ್ಲಿ ಕಮ್ಯುನಿಸ್ಟರು ಸೋಷಿಯಲ್ ಡೆಮಾಕ್ರಟರನ್ನೇ ಫ್ಯಾಸಿಸ್ಟರು ಅಂತ ಬೈಯುತ್ತಾ ಕೂತಿದ್ದರು. ಅವರೂ ಇವರೂ ಒಂದೇ ಟೇಬಲ್ಲಿಗೆ ಬರಲಿಲ್ಲ.

ಎತ್ತಿನ ರೈತರ ಗತಿ ಕೇಳಿದಿರಿ. 1933ರ ಸೆಪ್ಟೆಂಬರ್‌ನಲ್ಲಿ ಡಾರೆ ಒಂದು ಕಾನೂನು ತಂದ. ಮಧ್ಯಮ ರೈತರ ಜಮೀನು ಇನ್ನು ಮೇಲೆ ವಂಶದ ಆಸ್ತಿ, ಸಾಲಕ್ಕೆ ಹರಾಜು ಹಾಕುವಂತಿಲ್ಲ. ಕೇಳಲು ಎಷ್ಟು ಚೆಂದ ಅಲ್ವಾ? ಕೆಳಗಿನ ಸಾಲು ಓದಬೇಕು. ಮಾರುವಂತಿಲ್ಲ, ಅಡವು ಇಡುವಂತಿಲ್ಲ. ಅಡವು ಇಲ್ಲ ಅಂದರೆ ಸಾಲ ಯಾರು ಕೊಡುತ್ತಾರೆ? ಜಮೀನು ಒಬ್ಬನೇ ವಾರಸುದಾರನಿಗೆ, ಉಳಿದ ಮಕ್ಕಳು ಕೈ ಬೀಸಿಕೊಂಡು ಹೋಗಬೇಕು. ಯಜಮಾನ 1800ರ ತನಕದ ವಂಶಾವಳಿ ತೋರಿಸಿ, ಯಹೂದಿ ರಕ್ತ ಇಲ್ಲ ಅಂತ ರುಜುವಾತು ಮಾಡಬೇಕು. ರೈತ ಸಂಘ, ಸಹಕಾರ ಸಂಘ ಎಲ್ಲವನ್ನೂ ಒಂದೇ ಸರ್ಕಾರಿ ಸಂಸ್ಥೆಯೊಳಗೆ ನುಂಗಿದರು. ಹಾಲು, ಬೆಣ್ಣೆ, ಮೊಟ್ಟೆ ಯಾರಿಗೆ, ಯಾವ ರೇಟಿಗೆ ಕೊಡಬೇಕು ಅಂತ ಅದೇ ಹೇಳುತ್ತಿತ್ತು. ರಸ್ತೆಯಲ್ಲಿ ಹುಲ್ಲು ಸುಟ್ಟು ಎತ್ತು ಬಿಡಿಸಿಕೊಂಡವರು ಈಗ ತಕರಾರು ಎತ್ತಿದರೆ ಪೊಲೀಸರು ಮನೆಗೆ ಬರುವ ಕಾಲ.

ಕೊಪ್ಪದ ಕಾಫಿ

ಹಿರಿಯರೇ, ಚೆನ್ನಾಗಿ ಬರೆದಿದ್ದೀರಿ, ಆದರೆ ಡೆನ್ಮಾರ್ಕ್ ಉದಾಹರಣೆ ನನಗೆ ಒಪ್ಪಿಗೆಯಾಗುತ್ತಿಲ್ಲ. ಪುಟ್ಟ ದೇಶ, ಮೊದಲ ಯುದ್ಧದಲ್ಲಿ ಇರಲೇ ಇಲ್ಲ, ಸೋಲಿನ ಅವಮಾನ ಇಲ್ಲ, ದಂಡದ ಬಾಕಿ ಇಲ್ಲ. ಜರ್ಮನಿ ಜೊತೆ ಹೇಗೆ ಹೋಲಿಸುತ್ತೀರಿ? ಮತ್ತೆ ರಷ್ಯಾದ ಸ್ಟಾಲಿನ್ ಬಗ್ಗೆ ಸುಮ್ನೆ ಇದ್ದೀರಿ. ಅಲ್ಲಿ ರಾಜನೂ ಇಲ್ಲ, ಜಮೀನ್ದಾರನೂ ಇಲ್ಲ. ನಿಮ್ಮ ಚಿಲಕದ ಲೆಕ್ಕ ಅಲ್ಲಿ ನಡೆಯುತ್ತದಾ?

ಹಳೇ ಸೆಕ್ರೆಟರಿ, ಸಾಗರ ಕಡೆ

ಸೋಲಿನ ಅವಮಾನವೇ ಕಾರಣ ಅಂದರೆ ಇಟಲಿಯನ್ನು ಎಲ್ಲಿ ಇಡುತ್ತೀರಿ? ಇಟಲಿ ಗೆದ್ದವರ ಕಡೆ ಇತ್ತಲ್ಲ. ಜರ್ಮನಿಗಿಂತ ಮೊದಲು ಬಿದ್ದದ್ದೂ ಅದೇ.

ನಮ್ಮ ಸಾಗರ ಕಡೆಯ ಕಾಗೋಡಿನಲ್ಲಿ ಗೇಣಿದಾರರಿಗೂ ಜಮೀನ್ದಾರರಿಗೂ ಆದ ಗಲಾಟೆ ಗೊತ್ತಿದ್ದವರಿಗೆ ಇಟಲಿಯ ಪೋ ಕಣಿವೆ ಬೇಗ ಅರ್ಥವಾಗುತ್ತದೆ. (ನಮ್ಮ ಅಜ್ಜ ಗೇಣಿ ಕೊಡುವವರ ಪೈಕಿಯಾ, ಅಳೆದುಕೊಳ್ಳುವವರ ಪೈಕಿಯಾ ಅಂತ ಇಲ್ಲಿ ಕೇಳಬೇಡಿ.) ಯುದ್ಧ ಮುಗಿದ ಮೇಲೆ ಅಲ್ಲಿನ ಕೂಲಿಕಾರರ ಸಂಘಗಳು ಗಟ್ಟಿಯಾದವು. ಎಷ್ಟು ಜನ ಕೆಲಸಕ್ಕೆ, ಎಷ್ಟು ಕೂಲಿ ಅಂತ ಅವರೇ ಹೇಳುವ ಹಾಗಾಯಿತು. ಜಮೀನ್ದಾರರು ಹೆದರಿದರು, ಫ್ಯಾಸಿಸ್ಟ್ ನಾಯಕ ಮುಸೊಲಿನಿಯ ಕಪ್ಪು ಅಂಗಿಯವರಿಗೆ ದುಡ್ಡು ಕೊಟ್ಟರು, ಲಾರಿ ಕೊಟ್ಟರು. ರಾತ್ರಿ ಲಾರಿ ಬರುತ್ತಿತ್ತು. ಸಂಘದ ಆಫೀಸಿಗೆ ಬೆಂಕಿ, ಮುಖಂಡನಿಗೆ ದೊಣ್ಣೆ ಏಟು, ಬಾಯಿಗೆ ಬಲವಂತವಾಗಿ ಹರಳೆಣ್ಣೆ. ಊರ ಮುಂದೆ ಮಾನ ಕಳೆಯುವುದಕ್ಕೆ ಅದು. ಪೊಲೀಸರು ಎಷ್ಟೋ ಕಡೆ ನೋಡಿಯೂ ನೋಡದ ಹಾಗಿದ್ದರು.

1921ರಲ್ಲಿ ಆಗಿನ ಪ್ರಧಾನಿ ಜೊಲಿಟ್ಟಿ ಇವರನ್ನು ತನ್ನ ಚುನಾವಣಾ ಕೂಟಕ್ಕೆ ಸೇರಿಸಿಕೊಂಡ, ಪಳಗಿಸುತ್ತೇನೆ ಅಂತ. 35 ಸೀಟು ಸಿಕ್ಕಿತು, 535ರಲ್ಲಿ. ಮುಂದಿನ ವರ್ಷ ಅಕ್ಟೋಬರ್‌ನಲ್ಲಿ ರೋಮಿಗೆ ಅವರ ದಂಡು ಹೊರಟಿತು. ಅದನ್ನು ತಡೆಯಲು ಪ್ರಧಾನಿ ಫಾಕ್ತಾ ಸೇನಾ ಆಡಳಿತದ ಆಜ್ಞೆ ಬರೆದು ತಂದ, ರಾಜ ವಿಕ್ಟರ್ ಇಮ್ಯಾನುಯೆಲ್ ಸಹಿ ಹಾಕಲಿಲ್ಲ. ಅಷ್ಟೇ. ಮುಸೊಲಿನಿ ದಂಡಿನ ಜೊತೆ ನಡೆದೂ ಬರಲಿಲ್ಲ. ಮಿಲಾನ್‌ನಿಂದ ರಾತ್ರಿ ರೈಲಿನ ಸ್ಲೀಪರ್ ಬೋಗಿಯಲ್ಲಿ ಮಲಗಿಕೊಂಡು ಬಂದು ಪ್ರಧಾನಿ ಆದ. ಆಮೇಲೆ ಒಂದೊಂದೇ ಸ್ಕ್ರೂ. 1923ರಲ್ಲಿ ಕಾಲು ಭಾಗ ವೋಟು ಪಡೆದು ಮೊದಲು ಬಂದವರಿಗೆ ಮೂರರಲ್ಲಿ ಎರಡು ಪಾಲು ಸೀಟು ಅಂತ ಕಾನೂನು. 1924ರ ಮೇ 30ಕ್ಕೆ ಮತ್ತಿಯೊಟ್ಟಿ ಅನ್ನುವ ಸಮಾಜವಾದಿ ಸದಸ್ಯ ಚುನಾವಣೆಯ ಮೋಸವನ್ನು ಸಭೆಯಲ್ಲಿ ಎತ್ತಿ ಆಡಿದ. ಜೂನ್ 10ಕ್ಕೆ ಹಾಡಹಗಲೇ ಕಾರಿನಲ್ಲಿ ಎತ್ತಿಕೊಂಡು ಹೋದರು. ಹೆಣ ಸಿಕ್ಕಿದ್ದು ಆಗಸ್ಟ್‌ನಲ್ಲಿ. ವಿರೋಧಿಗಳು ಸಭೆ ಬಿಟ್ಟು ಹೊರಗೆ ಕೂತರು, ರಾಜ ಏನಾದರೂ ಮಾಡುತ್ತಾನೆ ಅಂತ ಕಾದರು. ರಾಜ ಏನೂ ಮಾಡಲಿಲ್ಲ. 1925ರ ಜನವರಿ 3ಕ್ಕೆ ಮುಸೊಲಿನಿ ಎದ್ದು ನಿಂತು, ಆದದ್ದಕ್ಕೆಲ್ಲ ನಾನೇ ಹೊಣೆ, ಏನು ಮಾಡುತ್ತೀರಿ ಅಂದ. ಯಾರೂ ಏನೂ ಮಾಡಲಿಲ್ಲ.

ಡೆನ್ಮಾರ್ಕ್ ಪುಟ್ಟದು, ನೆಮ್ಮದಿಯದು ಅಂದಿರಿ. ಸರಿ, ಫಿನ್ಲೆಂಡ್ ತಗೊಳ್ಳಿ. 1918ರಲ್ಲಿ ಅಣ್ಣತಮ್ಮಂದಿರೇ ಕಡಿದಾಡಿಕೊಂಡು ಮೂವತ್ತು ಸಾವಿರಕ್ಕೂ ಜಾಸ್ತಿ ಜನ ಸತ್ತ ದೇಶ. ಪಕ್ಕದಲ್ಲಿ ರಷ್ಯಾ. ಲಾಪುವಾ ಅನ್ನುವ ಊರಿಂದ ಬಲಪಂಥದ ರೈತರ ಚಳವಳಿ ಎದ್ದು, ಎದುರಾಳಿಗಳನ್ನು ಎತ್ತಿಕೊಂಡು ಹೋಗಿ ರಷ್ಯಾ ಗಡಿಗೆ ಬಿಟ್ಟು ಬರುತ್ತಿದ್ದರು. 1932ರ ಫೆಬ್ರವರಿ ಕೊನೆಯಲ್ಲಿ ಮ್ಯಾಂಟ್ಸಾಲ ಅನ್ನುವಲ್ಲಿ ಬಂದೂಕು ಹಿಡಿದು ದಂಗೆ ಎದ್ದರು. ಅಧ್ಯಕ್ಷ ಸ್ವಿನ್‌ಹುಫ್ವುಡ್ ಎಡಪಂಥದವನೇನಲ್ಲ. ಆ ಚಳವಳಿಯವರ ಬೆಂಬಲದಿಂದಲೇ ಗೆದ್ದವನು. ಅವನೇ ರೇಡಿಯೋದಲ್ಲಿ ಮಾತಾಡಿ, ಹುಡುಗರೆಲ್ಲ ಮನೆಗೆ ಹೋಗಿ, ಮುಖಂಡರನ್ನು ಮಾತ್ರ ಹಿಡಿಯುತ್ತೇವೆ ಅಂದ. ಹೋದರು. ಕಮ್ಯುನಿಸ್ಟರನ್ನು ಹತ್ತಿಕ್ಕಲು ಇವರೇ ಒತ್ತಾಯ ಮಾಡಿ ಮಾಡಿಸಿದ ಕಾನೂನಿನಲ್ಲೇ ಇವರ ಚಳವಳಿಯನ್ನು ಮುಚ್ಚಿಸಿದರು. ರೋಮಿನ ರಾಜನ ಮುಂದೆ ಇದ್ದ ಕಾಗದ, ಹಿಂಡೆನ್‌ಬರ್ಗ್ ಮುಂದೆ ಇದ್ದ ಕಾಗದ, ಇವನ ಮುಂದೆ ಇದ್ದ ಮೈಕು, ಮೂರನ್ನೂ ಪಕ್ಕಪಕ್ಕ ಇಟ್ಟು ನೋಡಿ. ಬಡತನ, ಸಾಲ, ಸಿಟ್ಟು ಮೂರೂ ಕಡೆ ಇತ್ತು.

ಇನ್ನು ಸ್ಟಾಲಿನ್. ಅಲ್ಲಿ ಚಿಲಕ ತೆಗೆದವರು ಯಾರೂ ಇಲ್ಲ, ಒಪ್ಪಿದೆ. ಅಲ್ಲಿ ಒಬ್ಬ ಸೆಕ್ರೆಟರಿ ಇದ್ದ. ನಗಬೇಡಿ. 1922ರ ಏಪ್ರಿಲ್‌ನಲ್ಲಿ ಅವನನ್ನು ಕಮ್ಯುನಿಸ್ಟ್ ಪಕ್ಷದ ಜನರಲ್ ಸೆಕ್ರೆಟರಿ ಮಾಡಿದಾಗ ಉಳಿದವರು ಅದನ್ನು ಗುಮಾಸ್ತಿಕೆ ಅಂದುಕೊಂಡರು. ಪಕ್ಷದ ಇನ್ನೊಬ್ಬ ದೊಡ್ಡ ನಾಯಕ ಟ್ರಾಟ್ಸ್ಕಿ ಭಾಷಣಕ್ಕೆ ನಿಂತರೆ ಜನ ಕುಣಿಯುತ್ತಿದ್ದರು. ಈ ಮನುಷ್ಯ ಯಾವ ಜಿಲ್ಲೆಗೆ ಯಾರನ್ನು ಹಾಕಬೇಕು, ಯಾರ ಫೈಲು ಎಲ್ಲಿದೆ, ಮುಂದಿನ ಮೀಟಿಂಗಿನ ಅಜೆಂಡಾ ಏನು ಅಂತ ನೋಡಿಕೊಂಡು ಕೂತಿದ್ದ. ನನ್ನ ಸರ್ವಿಸ್‌ನಲ್ಲಿ ನೋಡಿದ್ದೇನೆ. ಡೈರೆಕ್ಟರುಗಳು ಬಂದು, ಉಪ್ಪಿಟ್ಟು ತಿಂದು, ಜೋರು ಮಾತಾಡಿ, ನಡಾವಳಿ ಪುಸ್ತಕಕ್ಕೆ ಓದದೆ ಸಹಿ ಹಾಕಿ ಹೋಗುತ್ತಾರೆ. ಮೆಂಬರ್ ಲಿಸ್ಟ್ ಯಾರ ಕಪಾಟಿನಲ್ಲಿದೆಯೋ ಅವನಿಗೆ ಮುಂದಿನ ಚುನಾವಣೆಯ ಫಲಿತಾಂಶ ಮೊದಲೇ ಗೊತ್ತಿರುತ್ತದೆ. ಪಕ್ಷದ ಮುಖ್ಯ ನಾಯಕ ಲೆನಿನ್ ಕಾಯಿಲೆ ಬಿದ್ದಾಗ ಈ ಸ್ಟಾಲಿನ್‌ನನ್ನು ಆ ಜಾಗದಿಂದ ತೆಗೆಯಿರಿ ಅಂತ ಬರೆಸಿದ್ದ. ಅವನು 1924ರಲ್ಲಿ ಸತ್ತ ಮೇಲೆ ಆ ಪತ್ರ ಓದಿದರು, ಆದರೂ ಇವನನ್ನು ಅಲ್ಲೇ ಬಿಟ್ಟರು. ಅದೇ ವರ್ಷ ಎರಡು ಲಕ್ಷಕ್ಕೂ ಮೇಲೆ ಹೊಸ ಮೆಂಬರುಗಳನ್ನು ಪಕ್ಷಕ್ಕೆ ಸೇರಿಸಿದರು. 1927ರಲ್ಲಿ ಟ್ರಾಟ್ಸ್ಕಿ ಪಕ್ಷದಿಂದ ಔಟ್, 1929ರಲ್ಲಿ ದೇಶದಿಂದಲೇ ಔಟ್.

ಆಮೇಲೆ ರೈತರ ಸರದಿ. ಜಮೀನು, ದನ ಎಲ್ಲಾ ಸಾಮೂಹಿಕ ಫಾರ್ಮಿಗೆ. 1932ರ ಆಗಸ್ಟ್ 7ರ ಕಾನೂನಿನ ಪ್ರಕಾರ ಫಾರ್ಮಿನ ಬೆಳೆ ಕದ್ದರೆ ಮರಣದಂಡನೆ, ಇಲ್ಲಾ ಹತ್ತು ವರ್ಷ ಜೈಲು. ಗದ್ದೆಯಲ್ಲಿ ಉದುರಿದ ತೆನೆ ಆಯ್ದುಕೊಂಡವರ ಮೇಲೂ ಅದನ್ನೇ ಹಾಕಿದರು. ಅದೇ ಡಿಸೆಂಬರ್‌ನಲ್ಲಿ ದೇಶದೊಳಗೆ ಓಡಾಡಲು ಪಾಸ್‌ಪೋರ್ಟ್ ಪದ್ಧತಿ ತಂದರು, ಹಳ್ಳಿಯವರಿಗೆ ಮಾತ್ರ ಕೊಡಲಿಲ್ಲ. ಹಸಿದವನು ಊರು ಬಿಟ್ಟು ಹೋಗುವಂತೆಯೂ ಇಲ್ಲ. ಉಕ್ರೇನ್, ಕಜಕಸ್ತಾನ್ ಕಡೆ ಲಕ್ಷ ಲಕ್ಷ ಜನ ಸತ್ತರು. ಗುಮಾಸ್ತಿಕೆ ಅಂತ ನಕ್ಕಿದ್ದ ದೊಡ್ಡವರೂ ಉಳಿಯಲಿಲ್ಲ. 1934ರ ಪಕ್ಷದ ಮಹಾಸಭೆಯಲ್ಲಿ ಕೇಂದ್ರ ಸಮಿತಿಗೆ ಆರಿಸಿದ್ದು 139 ಜನ, ಅದರಲ್ಲಿ 98 ಜನರನ್ನು ಹಿಡಿದು ಗುಂಡಿಟ್ಟರು. ಇದನ್ನು 1956ರಲ್ಲಿ ಹೇಳಿದ್ದು ಸ್ಟಾಲಿನ್ ನಂತರ ಪಕ್ಷದ ಚುಕ್ಕಾಣಿ ಹಿಡಿದ ಕ್ರುಶ್ಚೇವ್, ಖುದ್ದು ಅವನೇ. 1937, 38 ಈ ಎರಡೇ ವರ್ಷದಲ್ಲಿ ಗುಂಡಿಟ್ಟವರು 6,81,692 ಅಂತ ಅವರದೇ ಪೊಲೀಸ್ ಲೆಕ್ಕ. ಅದಕ್ಕೂ ಯಾರೋ ಒಬ್ಬ ಲೆಡ್ಜರ್ ಬರೆದಿದ್ದಾನೆ ನೋಡಿ, ಕೊನೆಯ ಎರಡರ ತನಕ.

ಹೊಸನಗರದ ಮಳೆ

ಇದೆಲ್ಲ ಅಲ್ಲೆಲ್ಲೋ ದೂರದಲ್ಲಿ ನಡೆದು ಮುಗಿದದ್ದು ಅನ್ನಿಸುತ್ತೆ ಸಾರ್. ನಮ್ಮ ಕಡೆಗೆ ಎಂತದೂ ಸಂಬಂಧ ಇಲ್ವಾ?

ಹಳೇ ಸೆಕ್ರೆಟರಿ, ಸಾಗರ ಕಡೆ

ಘಟ್ಟ ಇಳಿದು ಕಾರವಾರ ದಾಟಿದರೆ ಗೋವಾ. ಅದು 1961ರ ಡಿಸೆಂಬರ್ ತನಕ ಯಾರ ಕೈಯಲ್ಲಿತ್ತು? ಪೋರ್ಚುಗಲ್ಲಿನ ಸಲಾಜಾರ್ ಕೈಯಲ್ಲಿ. ಈ ಸರ್ವಾಧಿಕಾರಿಗಳ ಗುಂಪಿನವನೇ, ಆದರೆ ಬೇರೆ ಜಾಯಮಾನ. ಸಮವಸ್ತ್ರ ಇಲ್ಲ, ಕಿರುಚಾಟ ಇಲ್ಲ. ಯೂನಿವರ್ಸಿಟಿಯಲ್ಲಿ ಅರ್ಥಶಾಸ್ತ್ರದ ಮೇಷ್ಟ್ರು. 1926ರಲ್ಲಿ ಪೋರ್ಚುಗಲ್ಲಿನ ಸೇನೆ ಸರ್ಕಾರ ಕಿತ್ತುಹಾಕಿತು, ಲೆಕ್ಕ ಸರಿ ಮಾಡಲು ಬರಲಿಲ್ಲ. 1928ರಲ್ಲಿ ಇವನನ್ನು ಹಣಕಾಸು ಮಂತ್ರಿ ಮಾಡಿದರು. ಪ್ರತಿ ಇಲಾಖೆಯ ಖರ್ಚೂ ನನ್ನ ಕೈಯಿಂದಲೇ ಹೋಗಬೇಕು ಅಂತ ಷರತ್ತು ಹಾಕಿ ಬಂದ. 1932ಕ್ಕೆ ಪ್ರಧಾನಿ. ಮುಂದೆ 36 ವರ್ಷ. ಸೆನ್ಸಾರ್, ಗುಪ್ತ ಪೊಲೀಸ್, ಒಂದೇ ಪಕ್ಷ, ಎಲ್ಲಾ ಇತ್ತು. ಗೋವಾದಲ್ಲಿ ಒಂದು ಸಭೆ ಮಾಡಬೇಕಾದರೂ ಅಪ್ಪಣೆ ಬೇಕು.

ನಮ್ಮ ರಾಮಮನೋಹರ ಲೋಹಿಯಾ 1933ರ ತನಕ ಬರ್ಲಿನ್ನಿನಲ್ಲಿ ಡಾಕ್ಟರೇಟ್ ಓದುತ್ತಿದ್ದರು, ಉಪ್ಪಿನ ತೆರಿಗೆ ಮೇಲೆ. ನಾನು ಮೇಲೆ ಬರೆದ ವರ್ಷಗಳನ್ನು ಅವರು ಅಲ್ಲೇ ಕೂತು ನೋಡಿದವರು. 1946ರ ಜೂನ್ 18ರಂದು ಮಡಗಾಂವ್‌ನಲ್ಲಿ ಸಲಾಜಾರ್‌ನ ಪೊಲೀಸರು ಅವರನ್ನು ಹಿಡಿದದ್ದು ಅಪ್ಪಣೆ ಇಲ್ಲದೆ ಭಾಷಣ ಮಾಡಲು ನಿಂತದ್ದಕ್ಕೆ. 1951ರಲ್ಲಿ ಕಾಗೋಡಿಗೆ ಬಂದು ಇಲ್ಲೂ ಅರೆಸ್ಟ್ ಆದರು, ಈ ಸಲ ನಮ್ಮದೇ ಸರ್ಕಾರದಿಂದ.

ಮೇಡಂ, ಮಕ್ಕಳಲ್ಲಿ ಸಾಗರ ಕಡೆಯವರು ಇದ್ದರೆ ಅವರವರ ಮನೆಯ ದೊಡ್ಡವರನ್ನು ಕಾಗೋಡಿನ ಬಗ್ಗೆ ಕೇಳಿಕೊಂಡು ಬರಲು ಹೇಳಿ. ಗೇಣಿ ಕೊಡುತ್ತಿದ್ದ ಮನೆ, ಅಳೆದುಕೊಳ್ಳುತ್ತಿದ್ದ ಮನೆ, ಎರಡೂ ಕಡೆಯ ಮಕ್ಕಳು ಸಿಕ್ಕರೆ ನಿಮ್ಮ ಪೋ ಕಣಿವೆ ಪಾಠ ಅರ್ಧ ಆದ ಹಾಗೆ. ಜಗಳ ಆದರೆ ನನ್ನ ಹೆಸರು ಹೇಳಬೇಡಿ.

ಟ್ಯೂಷನ್ ಟೀಚರ್, ಶಿವಮೊಗ್ಗ

ಎರಡೂ ಕಡೆಯವರು ಇದ್ದಾರೆ ಸರ್, ಒಂದೇ ಬೆಂಚಿನಲ್ಲಿ ಕೂರುತ್ತಾರೆ. ಸೋಮವಾರ ಕೇಳಿಸುತ್ತೇನೆ. ಆ ಡೆನ್ಮಾರ್ಕ್ ಗಡಿಯ ಮ್ಯಾಪ್ ಯಾರ ಹತ್ತಿರವಾದರೂ ಇದ್ದರೆ ಇಲ್ಲೇ ಹಾಕಿ, ಪ್ರಿಂಟ್ ತೆಗೆಸುತ್ತೇನೆ.